ಕಸಿದುಕೊಂಡ ತೋಟ, ಕಟ್ಟಿಸಿಕೊಟ್ಟ ಮುಖಮಂಟಪ

ಪ್ರಶ್ನೆ

ಮಲೆನಾಡಿನ ಒಂದು ಊರಿನಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ:

“ತಂದೆ ತೀರಿಕೊಂಡು ಒಂಬತ್ತು ವರ್ಷಗಳಾದವು. ಆಗ ಪೌತಿ ಖಾತೆಗೆ ಬೇಕೆಂದು ಹೇಳಿ ದೊಡ್ಡಪ್ಪನವರು ಓದುಬರಹ ಬಾರದ ನಮ್ಮ ತಾಯಿಯನ್ನು ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿಕೊಂಡರು. ನಮ್ಮ ಪಾಲಿನ ಎರಡು ಎಕರೆ ಅಡಿಕೆ ತೋಟವನ್ನು ಅವರೇ ನೋಡಿಕೊಂಡು ವರ್ಷಕ್ಕಿಷ್ಟು ಎಂದು ಹಣ ಕೊಡುತ್ತಿದ್ದರು. ಹೋದ ವರ್ಷ ಅದೂ ನಿಂತಿತು. ಕೇಳಿದಾಗ ಹಕ್ಕು ಬಿಡುಗಡೆ ಪತ್ರ ತೋರಿಸಿದರು. ಈಗ ಅವರಿಗೆ ಮೂರಂತಸ್ತಿನ ಮನೆಯಿದೆ, ಮಗ ಕೆನಡಾದಲ್ಲಿದ್ದಾನೆ. ಚರ್ಚಿನ ಮುಖಮಂಟಪವನ್ನು ತಮ್ಮ ಖರ್ಚಿನಲ್ಲಿ ಕಟ್ಟಿಸಿಕೊಟ್ಟು ಗ್ರಾನೈಟ್ ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದಾರೆ. ಸುಗ್ಗಿಯ ಆರಾಧನೆಯಲ್ಲಿ ಎದ್ದು ನಿಂತು, ದೇವರು ತಮ್ಮನ್ನು ಹೇರಳವಾಗಿ ಆಶೀರ್ವದಿಸಿದ್ದಾನೆಂದು ಸಾಕ್ಷಿ ಹೇಳಿದರು. ಸಭೆಯೆಲ್ಲ ಆಮೆನ್ ಎಂದಿತು. ಮನಸ್ಸಿನಲ್ಲಿ ಇಷ್ಟು ಕಹಿ ಇಟ್ಟುಕೊಂಡು ಹೇಗೆ ಹೋಗಲಿ ಎಂದು ತಾಯಿ ಅಂದಿನಿಂದ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಹೋಗುತ್ತಿಲ್ಲ. ಇಷ್ಟೆಲ್ಲ ದಾನಧರ್ಮ ಮಾಡಿದವರನ್ನು ದೇವರು ಬಿಟ್ಟುಬಿಡುತ್ತಾನೆಯೇ? ನ್ಯಾಯತೀರ್ಪು ನಿಜವಾದರೆ ಇಷ್ಟು ತಡವೇಕೆ? ಕೋರ್ಟಿಗೆ ಹೋಗೋಣವೆಂದರೆ ತಾಯಿ ‘ದೇವರಿಗೆ ಬಿಟ್ಟಿದ್ದೇನೆ’ ಎನ್ನುತ್ತಾರೆ. ವಿಶ್ವಾಸಿಗಳು ವ್ಯಾಜ್ಯವಾಡಬಾರದು ಎಂದು ಸಭಾಪಾಲಕರು ಹೇಳುತ್ತಾರೆ. ದೊಡ್ಡಪ್ಪ ಹಾಳಾಗಲಿ ಎಂದು ನನ್ನ ಮನಸ್ಸು ಬಯಸುವುದು ಪಾಪವೇ?”

ಉತ್ತರ

ಸಹೋದರಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿರುವುದು ಒಂದೇ ಭಯವೆಂದು ನನಗೆ ತೋರುತ್ತದೆ: ಭೂಮಿಯ ಮೇಲಿನ ಕಚೇರಿಗಳಲ್ಲಿ ಹಣ ನಡೆಯುವಂತೆ ದೇವರ ಸನ್ನಿಧಿಯಲ್ಲಿಯೂ ನಡೆದುಬಿಟ್ಟರೆ ನಮ್ಮಂಥವರ ಗತಿ ಏನು ಎಂಬ ಭಯ. ಹಲವು ವರ್ಷ ಹಳ್ಳಿಯ ಸಭೆಗಳಲ್ಲಿ ಪಾಲಕನಾಗಿದ್ದು, ಅನಂತರ ಹಳೆಯ ಒಡಂಬಡಿಕೆಯನ್ನು ಪಾಠ ಹೇಳುತ್ತ ತಲೆ ನರೆಸಿಕೊಂಡ ನನಗೆ ಈ ಪ್ರಶ್ನೆ ಬೇರೆ ಬೇರೆ ಬಾಯಿಗಳಿಂದ ಬಂದಿದೆ. ಬಹುಪಾಲು ಸಲ ಅದರ ಹಿಂದೆ ಒಂದು ತುಂಡು ಭೂಮಿ ಇರುತ್ತದೆ.

ಮೊದಲು ಒಂದು ಸಮಾಧಾನ. ಈ ಪ್ರಶ್ನೆ ಕೇಳಿದ್ದರಿಂದ ನಿಮ್ಮ ವಿಶ್ವಾಸ ಕುಗ್ಗಿದೆಯೆಂದು ಯಾರೂ ಹೇಳಲಾರರು, ಏಕೆಂದರೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಇದನ್ನು ಕೇಳಿದವರು ಸಾಮಾನ್ಯರಲ್ಲ. ದುಷ್ಟರ ಮಾರ್ಗ ಏಕೆ ಸಫಲವಾಗುತ್ತದೆಂದು ಪ್ರವಾದಿ ಯೆರೆಮೀಯನು ದೇವರೊಡನೆ ವಾದಕ್ಕೇ ನಿಲ್ಲುತ್ತಾನೆ. ದುಷ್ಟರು ಮುದುಕರಾಗುವ ತನಕ ಬದುಕಿ ಬಲಿಷ್ಠರಾಗುವುದೇಕೆಂದು, ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬನು ತನ್ನ ಹೆಸರಿನ ಪುಸ್ತಕದ 21ನೇ ಅಧ್ಯಾಯದಲ್ಲಿ ಕೇಳುತ್ತಾನೆ. ನಮ್ಮ ಊರಿನವರು ‘ಪಾಪಿ ಚಿರಾಯು’ ಎಂದು ಎರಡೇ ಪದಗಳಲ್ಲಿ ಮುಗಿಸುವ ಮಾತನ್ನು ಅವನು ಅಧ್ಯಾಯದ ಉದ್ದಕ್ಕೂ ಬೆಳೆಸುತ್ತಾನೆ. ದೇವಾಲಯದ ಗಾಯಕನಾದ ಆಸಾಫನಂತೂ ಸೊಕ್ಕಿದವರ ಸೌಖ್ಯವನ್ನು ಕಂಡು ತಾನು ಹೊಟ್ಟೆಕಿಚ್ಚುಪಟ್ಟೆನೆಂದು, ಕಾಲು ಇನ್ನೇನು ಜಾರಿಹೋಗುತ್ತಿತ್ತೆಂದು 73ನೇ ಕೀರ್ತನೆಯಲ್ಲಿ ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಆರಾಧನೆಯಲ್ಲಿ ಹಾಡುವುದಕ್ಕೆಂದೇ ಕೂಡಿಸಿದ ಪುಸ್ತಕದಲ್ಲಿ ಈ ಹೊಟ್ಟೆಕಿಚ್ಚಿಗೂ ಜಾಗ ಕೊಟ್ಟಿರುವುದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ.

ಇನ್ನು ನಿಮ್ಮ ದೊಡ್ಡಪ್ಪನವರ ಸಾಕ್ಷಿಯ ವಿಷಯ. ಐಶ್ವರ್ಯವು ದೇವರ ಮೆಚ್ಚುಗೆಯ ಗುರುತು ಎಂಬ ನಂಬಿಕೆ ನಮ್ಮ ಸಭೆಗಳಲ್ಲಿ ಬಹಳ ಆಳಕ್ಕೆ ಇಳಿದಿದೆ, ಮತ್ತು ಅದಕ್ಕೆ ಆಧಾರವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಆಜ್ಞೆಗಳನ್ನು ಕೈಕೊಂಡರೆ ಮಳೆ, ಬೆಳೆ, ಹಿಂಡು ಹೆಚ್ಚುವುದಾಗಿ ವಾಗ್ದಾನ ಮಾಡುತ್ತದೆ. ಆದರೆ ಆ ಮಾತನ್ನು ಆಡಿರುವುದು ಇಡೀ ಜನಾಂಗದೊಂದಿಗೆ, ಒಡಂಬಡಿಕೆಯ ಷರತ್ತಿನೊಳಗೆ. ಅದನ್ನು ತಿರುವುಮುರುವು ಮಾಡಿ, ಹಿಂಡು ಹೆಚ್ಚಿದವನೆಲ್ಲ ನೀತಿವಂತ, ಹಿಂಡು ಕಳೆದುಕೊಂಡವನೆಲ್ಲ ಪಾಪಿ ಎಂದು ಲೆಕ್ಕ ಹಾಕಿದವರು ಯೋಬನ ಮೂವರು ಸ್ನೇಹಿತರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆಯೇ. ಸುಗ್ಗಿಯ ದಿನ ನಿಮ್ಮ ಸಭೆ ಹೇಳಿದ ಆಮೆನ್ ಅವರ ಪಕ್ಷಕ್ಕೆ ಸೇರಿತೆಂದು ಹೇಳಲು ನನಗೆ ಬೇಸರವಾಗುತ್ತದೆ.

ಇದರಷ್ಟೇ ಹಳೆಯದಾದ ಇನ್ನೊಂದು ತಪ್ಪು ನಂಬಿಕೆಯುಂಟು, ಅದು ನೊಂದವರಿಗೆ ಹಿತವಾಗಿ ಕೇಳಿಸುವುದರಿಂದ ಹೆಚ್ಚು ಅಪಾಯಕಾರಿ. ಅನ್ಯಾಯ ಮಾಡಿದವನು ಈ ಜನ್ಮದಲ್ಲೇ, ನಮ್ಮ ಕಣ್ಣೆದುರಿಗೇ ‘ಮಾಡಿದ್ದುಣ್ಣೋ ಮಹಾರಾಯ’ ಎಂಬಂತೆ ಅನುಭವಿಸಲೇಬೇಕು ಎಂಬುದು ಆ ನಂಬಿಕೆ. ಯೆಹೂದದ ಅರಸರಲ್ಲಿ ಅತಿ ಹೆಚ್ಚು ಕಾಲ ಆಳಿದವನು ಮನಸ್ಸೆ, 55 ವರ್ಷ. ನಿರಪರಾಧಿಗಳ ರಕ್ತದಿಂದ ಯೆರೂಸಲೇಮನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ತುಂಬಿಸಿದನೆಂದು ಅವನನ್ನು ಕುರಿತು ಬರೆದಿರುವ ಅರಸುಗಳ ಎರಡನೆಯ ಪುಸ್ತಕವೇ, ಅವನು ತನ್ನ ಪಿತೃಗಳ ಬಳಿಗೆ ಸೇರಿ ತನ್ನ ಅರಮನೆಯ ತೋಟದಲ್ಲಿ ಸಮಾಧಿಯಾದನೆಂದೂ ಬರೆಯುತ್ತದೆ. ಅವನ ಮೊಮ್ಮಗ ಯೋಷೀಯನು ಆ ಸಿಂಹಾಸನದ ಮೇಲೆ ಕೂತವರಲ್ಲಿ ಅತ್ಯಂತ ನೀತಿವಂತ. ಅವನು ಕ್ರಿಸ್ತಪೂರ್ವ 609ರಲ್ಲಿ, 39ನೇ ವಯಸ್ಸಿನಲ್ಲಿ, ಮೆಗಿದ್ದೋವಿನಲ್ಲಿ ಐಗುಪ್ತದ ಫರೋಹನಿಗೆ ಎದುರಾಗಿ ಸತ್ತನು. ಮನಸ್ಸೆ ಸೆರೆಯಲ್ಲಿದ್ದಾಗ ತಗ್ಗಿಸಿಕೊಂಡು ಪ್ರಾರ್ಥಿಸಿದನೆಂದು ಪೂರ್ವಕಾಲವೃತ್ತಾಂತದಲ್ಲಿ ಓದುತ್ತೇವೆ, ಅದನ್ನು ನಾನು ಮರೆತಿಲ್ಲ. ಆದರೂ ಅವನು ಕೊಲ್ಲಿಸಿದವರ ಮನೆಯವರು ಆ 55 ವರ್ಷಗಳಲ್ಲಿ ಏನನ್ನು ಕಂಡರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ನಂಬಿಕೆಯ ಅಪಾಯ ಮತ್ತೊಂದು ಬದಿಯಲ್ಲೂ ಇದೆ. ನಾಳೆ ದೊಡ್ಡಪ್ಪನವರ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ನೀವು ಅದನ್ನು ತೀರ್ಪೆಂದು ಓದುವಿರಿ. ನಾಡಿದ್ದು ನಿಮ್ಮ ಮನೆಯಲ್ಲಿ ಬಂದರೆ ಅವರು ಹಾಗೆಯೇ ಓದುವರು. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳೇನೂ ಆಗಿರಲಿಲ್ಲವೆಂದು ಯೇಸುಸ್ವಾಮಿ ಹೇಳಿದ್ದು ಇಂಥ ಓದನ್ನು ನಿಲ್ಲಿಸುವುದಕ್ಕೇ.

ಹಾಗಾದರೆ ಸಿರಿವಂತನಾದ ದುಷ್ಟನು ನ್ಯಾಯತೀರ್ಪಿನಿಂದ ತಪ್ಪಿಸಿಕೊಳ್ಳಲಾರನೆಂದು ಯಾವ ಧೈರ್ಯದಿಂದ ಹೇಳುತ್ತೇವೆ? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಉತ್ತರ ‘ಈಡು’ ಎಂಬ ಒಂದು ಪದದಲ್ಲಿದೆ. ಇಬ್ರಿಯದಲ್ಲಿ ಅದು ‘ಕೋಫೆರ್’, ಪ್ರಾಣಕ್ಕೆ ಬದಲಾಗಿ ಕಟ್ಟುವ ಹಣ. ವಿಮೋಚನಕಾಂಡದ 21ನೇ ಅಧ್ಯಾಯದ ಪ್ರಕಾರ ಹಾಯುವ ಎತ್ತನ್ನು ಗೊತ್ತಿದ್ದೂ ಕಟ್ಟಿಹಾಕದೆ ಅದರಿಂದ ಸಾವು ಸಂಭವಿಸಿದರೆ, ಎತ್ತಿನ ಯಜಮಾನನು ತನ್ನ ಪ್ರಾಣಕ್ಕೆ ಈಡು ಕೊಟ್ಟು ಉಳಿದುಕೊಳ್ಳಬಹುದಿತ್ತು. ಅಂದರೆ ಕೆಲವು ಅಪರಾಧಗಳಿಗೆ ಹಣ ಕಟ್ಟಿ ಬಿಡುಗಡೆ ಹೊಂದುವ ದಾರಿ ಇಸ್ರಾಯೇಲಿನ ಕಾನೂನಿನಲ್ಲಿಯೂ ಇತ್ತು. ಸುತ್ತಲಿನ ಹಿತ್ತಿಯರ ಕಾನೂನಿನಲ್ಲಂತೂ ಜಗಳದಲ್ಲಿ ಕೊಂದವನು ಸತ್ತವನ ಮನೆಯವರಿಗೆ ಆಳುಗಳನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದಿತ್ತು. ಇಂಥ ಲೋಕದ ನಡುವೆ ಅರಣ್ಯಕಾಂಡದ 35ನೇ ಅಧ್ಯಾಯ ಗೆರೆ ಎಳೆಯುತ್ತದೆ: ಬೇಕೆಂದು ಕೊಂದವನ ಪ್ರಾಣಕ್ಕೆ ಈಡನ್ನು ತೆಗೆದುಕೊಳ್ಳಲೇಬಾರದು. ಕೊಲೆಗಾರ ಎಷ್ಟು ಶ್ರೀಮಂತನಾದರೂ ಸರಿ. 49ನೇ ಕೀರ್ತನೆಯನ್ನು ಬರೆದ ಕೋರಹೀಯರು, ಅಂದರೆ ದೇವಾಲಯದ ಗಾಯಕ ವಂಶದವರು, ಇದೇ ಪದವನ್ನು ಎತ್ತಿಕೊಂಡು ಇನ್ನೂ ಎತ್ತರಕ್ಕೆ ಒಯ್ದರು. ತಮ್ಮ ಆಸ್ತಿಯನ್ನೇ ನಂಬಿ ಕೊಚ್ಚಿಕೊಳ್ಳುವವರನ್ನು ನೋಡಿ ಅವರು ಹೇಳುವುದು, ತನ್ನ ಸಹೋದರನ ಪ್ರಾಣಕ್ಕೆ ದೇವರಿಗೆ ಈಡು ಕಟ್ಟಬಲ್ಲವನು ಒಬ್ಬನೂ ಇಲ್ಲ, ಆ ಪ್ರಾಣದ ಬೆಲೆ ಯಾರ ಗಂಟಿಗೂ ನಿಲುಕದು ಎಂದು. ಭೂಮಿಗಳಿಗೆ ತಮ್ಮ ಹೆಸರಿಟ್ಟುಕೊಂಡವರಿಗೂ ಸಮಾಧಿಯೇ ಮನೆಯಾಯಿತೆಂಬ ಮಾತು ಅದೇ ಕೀರ್ತನೆಯಲ್ಲಿ ಬರುತ್ತದೆ. ಗ್ರಾನೈಟ್ ಕಲ್ಲಿನ ಸಂಗತಿ ಓದುವಾಗ ನನಗೆ ಅದು ನೆನಪಾಯಿತು. ಪ್ರಾಣವನ್ನು ಬಿಡಿಸುವ ಕೆಲಸ ದೇವರದ್ದೇ ಎಂದು 15ನೇ ವಚನ ಹೇಳುತ್ತದೆ, ಮತ್ತು ಮನುಷ್ಯಕುಮಾರನು, ಅಂದರೆ ಯೇಸುಸ್ವಾಮಿ, ತನ್ನ ಪ್ರಾಣವನ್ನೇ ಈಡಾಗಿ ಕೊಡಲು ಬಂದನೆಂಬ ಸುವಾರ್ತೆಯ ಮಾತು ನಿಲ್ಲುವುದೂ ಈ ನೆಲದ ಮೇಲೆಯೇ. ಅದು ದೊಡ್ಡಪ್ಪನವರಿಗೂ ತೆರೆದಿರುವ ಬಾಗಿಲು. ಆದರೆ ಆ ಬಾಗಿಲಲ್ಲಿ ಹಣ ಎಣಿಸಿಕೊಳ್ಳುವವರು ಯಾರೂ ಕೂತಿಲ್ಲ.

ಮುಖಮಂಟಪದ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಬಂತಾದರೂ, ಯಾಜಕಕಾಂಡದ 6ನೇ ಅಧ್ಯಾಯದ ಮೊದಲ ಏಳು ವಚನಗಳನ್ನು ನೀವು ನಿಧಾನವಾಗಿ ಓದಬೇಕು. ನಂಬಿ ಒಪ್ಪಿಸಿದ್ದನ್ನು ನುಂಗಿದವನು, ನೆರೆಯವನಿಂದ ಬಲಾತ್ಕಾರವಾಗಿ ಕಿತ್ತುಕೊಂಡವನು ಏನು ಮಾಡಬೇಕೆಂಬುದು ಅಲ್ಲಿಯ ವಿಷಯ. ಅವನು ತೆಗೆದುಕೊಂಡದ್ದನ್ನು ಪೂರ್ತಿಯಾಗಿ, ಅದರೊಂದಿಗೆ ಐದರಲ್ಲೊಂದು ಪಾಲು ಹೆಚ್ಚಾಗಿ ಸೇರಿಸಿ, ಯಾರಿಗೆ ಸೇರಬೇಕೋ ಅವರಿಗೇ ಕೊಡಬೇಕು. ಪ್ರಾಯಶ್ಚಿತ್ತದ ಟಗರಿನ ಮಾತು ಬರುವುದು ಅದಾದ ಮೇಲೆ. ಈ ಕ್ರಮವನ್ನು ಬದಲಿಸಲು ಯಾಜಕನಿಗೂ ಅಧಿಕಾರವಿರಲಿಲ್ಲ. ಯೇಸುಸ್ವಾಮಿಯನ್ನು ಕಂಡು ಬದಲಾದ ಸುಂಕದವನಾದ ಜಕ್ಕಾಯನೂ ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದದ್ದು ವಂಚನೆಗೆ ಒಳಗಾದವರಿಗೆ. ದೇವಾಲಯದ ಪೆಟ್ಟಿಗೆಗೆ ಹಾಕುತ್ತೇನೆಂದು ಅವನು ಹೇಳಲಿಲ್ಲ. ಕಸಿದ ಹಣದಿಂದ ಕೊಟ್ಟ ಕಾಣಿಕೆ ಕಾಣಿಕೆಯೇ ಅಲ್ಲವೆಂದು ಸಭೆಗಳು ಹೇಳಲು ಹಿಂಜರಿಯುವುದಕ್ಕೆ ಕಾರಣ ದೇವತಾಶಾಸ್ತ್ರದಲ್ಲಿಲ್ಲ, ಕಟ್ಟಡ ನಿಧಿಯಲ್ಲಿದೆ.

ನಾನು ಪಾಲಕನಾಗಿದ್ದ ಒಂದು ಊರಿನಲ್ಲಿ ಸಭೆಯ ಹಿರಿಯರೊಬ್ಬರು ಸಾವಿನ ಹಾಸಿಗೆಯಿಂದ ನನಗೆ ಹೇಳಿಕಳುಹಿಸಿ, ಚರ್ಚಿಗೆ ಗಂಟೆ ಮಾಡಿಸಿಕೊಡುವ ಆಸೆಯಿದೆ ಎಂದರು. ಅವರು ತಮ್ಮನ ಮಕ್ಕಳ ಗದ್ದೆಯನ್ನು ಒಳಗೆ ಹಾಕಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಗಂಟೆಯ ಹಣದಿಂದ ರಿಜಿಸ್ಟ್ರಿ ಖರ್ಚು ಕಟ್ಟಿ ಗದ್ದೆಯನ್ನು ಆ ಮಕ್ಕಳಿಗೆ ಬರೆದುಕೊಡಿ ಎಂದೆ. ಅವರು ಅತ್ತು, ಒಪ್ಪಿಕೊಂಡು, ಸೋಮವಾರ ಕಚೇರಿಯವರನ್ನು ಮನೆಗೇ ಕರೆಸುತ್ತೇನೆಂದರು. ಭಾನುವಾರ ರಾತ್ರಿ ತೀರಿಕೊಂಡರು. ಅವರ ಗಂಡುಮಕ್ಕಳು ತಿಂಗಳೊಳಗೆ ಗಂಟೆಯನ್ನು ಮಾಡಿಸಿಕೊಟ್ಟರು, ಗದ್ದೆಯನ್ನು ಬಿಡಲಿಲ್ಲ. ಆ ಹಿರಿಯರನ್ನು ದೇವರು ಹೇಗೆ ಎಣಿಸಿದನೆಂಬುದು ನನ್ನ ಅಧಿಕಾರಕ್ಕೆ ಮೀರಿದ್ದು. ಆ ಗಂಟೆ ಹೊಡೆದಾಗಲೆಲ್ಲ ಆರಾಧನೆ ನಡೆಸುವುದು ನನಗೆ ಕಷ್ಟವಾಗುತ್ತಿತ್ತೆಂಬುದಷ್ಟೇ ನನಗೆ ಗೊತ್ತು.

ಈಗ ತಡದ ಪ್ರಶ್ನೆ. ನಿಮ್ಮ ಕಥೆಗೆ ಅತಿ ಹತ್ತಿರದ ಸತ್ಯವೇದದ ಪ್ರಕರಣ ನಾಬೋತನ ದ್ರಾಕ್ಷೇತೋಟದ್ದು, ಅರಸುಗಳ ಮೊದಲನೆಯ ಪುಸ್ತಕದ 21ನೇ ಅಧ್ಯಾಯ. ಅದನ್ನು ಕಸಿದ ಇಸ್ರಾಯೇಲಿನ ಅರಸ ಅಹಾಬನು ಸಣ್ಣ ಪಾಳೆಯಗಾರನಾಗಿರಲಿಲ್ಲ. ಕ್ರಿಸ್ತಪೂರ್ವ 853ರ ಕರ್ಕರ್ ಯುದ್ಧಕ್ಕೆ ಅವನು 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದಿದ್ದನೆಂದು ಅವನ ಶತ್ರುವಾದ ಅಶ್ಶೂರದ ಅರಸ ಮೂರನೆಯ ಶಲ್ಮನೆಸೆರನ ಶಾಸನವೇ ಲೆಕ್ಕ ಕೊಡುತ್ತದೆ. ಅವನು ದಂತದ ಅರಮನೆ ಕಟ್ಟಿಸಿದನೆಂದು ಗ್ರಂಥದಲ್ಲಿದೆ; ಸಮಾರ್ಯದ ಅರಮನೆಯ ಜಾಗವನ್ನು 1930ರ ದಶಕದಲ್ಲಿ ಅಗೆದಾಗ ಕೆತ್ತನೆಯ ದಂತದ ಚೂರುಗಳು ನೂರುಗಟ್ಟಲೆ ಸಿಕ್ಕವು. ಇಷ್ಟಿದ್ದವನಿಗೆ ಕಾಯಿಪಲ್ಯ ಬೆಳೆಯಲು ಪಕ್ಕದವನ ಪಿತ್ರಾರ್ಜಿತ ತೋಟವೇ ಬೇಕಾಯಿತು. ನಾಬೋತನು ಕೊಡಲೊಪ್ಪದಿದ್ದಾಗ ರಾಣಿ ಈಜೆಬೆಲಳು ಅರಸನ ಹೆಸರಿನಲ್ಲಿ ಕಾಗದ ಬರೆದು, ಅವನ ಮುದ್ರೆ ಒತ್ತಿ, ಊರ ಹಿರಿಯರಿಗೆ ಕಳುಹಿಸಿದಳು. ಇಬ್ಬರು ಸುಳ್ಳುಸಾಕ್ಷಿಗಳು ಸಿಕ್ಕರು, ಊರವರು ನಾಬೋತನನ್ನು ಕಲ್ಲೆಸೆದು ಕೊಂದರು. ಎಲ್ಲವೂ ಕಾನೂನಿನ ರೂಪದಲ್ಲಿಯೇ ಮುಗಿಯಿತು. ಪ್ರವಾದಿ ಎಲೀಯನು ಆ ತೋಟದಲ್ಲೇ ಅಹಾಬನ ಎದುರು ನಿಂತು ತೀರ್ಪನ್ನು ನುಡಿದಾಗ ಅಹಾಬನು ಗೋಣಿತಟ್ಟು ಉಟ್ಟು ಉಪವಾಸ ಮಾಡಿದನು, ಮತ್ತು ಅಷ್ಟಕ್ಕೇ ದೇವರು ಅವನ ಮನೆಯ ಮೇಲಿನ ಶಿಕ್ಷೆಯನ್ನು ಮುಂದಕ್ಕೆ ಹಾಕಿದನು.

ಈ ಭಾಗ ಓದಿದಾಗಲೆಲ್ಲ ನನ್ನ ವಿದ್ಯಾರ್ಥಿಗಳಿಗೆ ಸಿಟ್ಟು ಬರುತ್ತಿತ್ತು, ನನಗೂ ಬರುತ್ತದೆ. ಆದರೆ ತಡದ ಕಾರಣ ಇಲ್ಲಿ ಬಟಾಬಯಲಾಗಿದೆ: ಅದು ಅಹಾಬನ ರಥಗಳಿಂದಾಗಲಿ ದಂತದಿಂದಾಗಲಿ ಬಂದದ್ದಲ್ಲ, ಅವನು ಒಂದು ಗಳಿಗೆ ಬಗ್ಗಿದ್ದರಿಂದ ಬಂದದ್ದು. ದೇವರು ಕೊಡುವ ಈ ವಾಯಿದೆಯನ್ನು ತಿರುಗಿಕೊಳ್ಳುವುದಕ್ಕೆ ಬಳಸದವನು ತನಗಾಗಿ ಕೋಪವನ್ನು ಕೂಡಿಸಿಟ್ಟುಕೊಳ್ಳುತ್ತಾನೆಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದನು. ಗಂಟು ಕೂಡಿಸಿಡುವುದಕ್ಕೆ ಬಳಸುವ ಮಾತನ್ನೇ ಅಲ್ಲಿ ಬಳಸಿದ್ದಾನೆ. ‘ಪಾಪದ ಕೊಡ ತುಂಬಬೇಕು’ ಎಂಬ ನಮ್ಮ ಮಾತಿಗೆ ಸಮನಾದದ್ದು ಆದಿಕಾಂಡದಲ್ಲಿಯೂ ಉಂಟು: ಅಮೋರಿಯರ ಅಪರಾಧ ಇನ್ನೂ ಪೂರ್ತಿಯಾಗಿಲ್ಲ ಎಂದು. ಮುಂದೆ ಅಹಾಬನು ರಾಮೋತ್ ಗಿಲ್ಯಾದಿನ ಯುದ್ಧಕ್ಕೆ ವೇಷ ಮರೆಸಿಕೊಂಡು, ಕವಚ ತೊಟ್ಟು ಹೋದಾಗ ಯಾರೋ ಗುರಿಯಿಡದೆ ಬಿಟ್ಟ ಬಾಣ ಕವಚದ ಸಂದಿನಲ್ಲಿಯೇ ನೆಟ್ಟಿತು. ವರ್ಷಗಳ ನಂತರ ಸೇನಾಪತಿ ಯೇಹುವು ಅಹಾಬನ ಮಗನನ್ನು ಕೊಂದು ಹೆಣವನ್ನು ನಾಬೋತನ ಹೊಲದಲ್ಲಿಯೇ ಎಸೆಸಿದನು. ಇದನ್ನು ಪ್ರಸಂಗಗಳಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಾರೆ. ಹೇಳದೆ ಬಿಡುವ ಒಂದು ಮಾತು ಯೇಹುವಿನ ಬಾಯಲ್ಲಿಯೇ ಇದೆ: ಅಂದು ನಾಬೋತನ ಜೊತೆ ಅವನ ಮಕ್ಕಳ ರಕ್ತವೂ ಸುರಿದಿತ್ತು. ತೀರ್ಪು ಬಂದಾಗ ಆ ತೋಟವನ್ನು ಹಿಂದಕ್ಕೆ ಪಡೆಯಲು ಆ ಮಕ್ಕಳು ಇರಲಿಲ್ಲ.

ಆದ್ದರಿಂದಲೇ ‘ದೇವರಿಗೆ ಬಿಟ್ಟಿದ್ದೇನೆ’ ಎಂಬ ನಿಮ್ಮ ತಾಯಿಯವರ ಮಾತನ್ನು ನಾನು ಗೌರವದಿಂದ ಕೇಳಿದರೂ ಅರ್ಧವನ್ನಷ್ಟೇ ಒಪ್ಪುತ್ತೇನೆ. ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಬೇಕು. ಬಾಕಿ ಕೇಳುವುದನ್ನು ಬಿಡಬೇಕೆಂದು ಎಲ್ಲಿಯೂ ಬರೆದಿಲ್ಲ. ಎಡೆಬಿಡದೆ ಪ್ರಾರ್ಥಿಸಬೇಕೆಂದು ಕಲಿಸಲು ಯೇಸುಸ್ವಾಮಿ ಆರಿಸಿಕೊಂಡ ದೃಷ್ಟಾಂತ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಅಲೆದ ಒಬ್ಬ ವಿಧವೆಯದು. ನಿಮ್ಮ ಸಭಾಪಾಲಕರು, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಅಲ್ಲಿ ಪೌಲನು, ಸಹೋದರರ ನಡುವೆ ತೀರ್ಮಾನ ಮಾಡಬಲ್ಲ ಒಬ್ಬ ಜಾಣನೂ ನಿಮ್ಮಲ್ಲಿಲ್ಲವೇ ಎಂದು ಸಭೆಯನ್ನೇ ಮೊದಲು ನಾಚಿಸುತ್ತಾನೆ, ಎಂಟನೆಯ ವಚನದಲ್ಲಿ ವಂಚಿಸಿದವರ ಕಡೆಗೆ ತಿರುಗುತ್ತಾನೆ. ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಕೇಳುವ ಏಳನೆಯ ವಚನಕ್ಕೇ ಪುಸ್ತಕ ಮುಚ್ಚಿದರೆ ವಂಚಿತರಿಗಷ್ಟೇ ಉಪದೇಶ ಸಿಗುತ್ತದೆ.

ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಮುಳ್ಳಿಲ್ಲದ್ದಲ್ಲ. ಮೊದಲು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ದೊಡ್ಡಪ್ಪನವರ ಬಳಿ ನೇರವಾಗಿ ಮಾತಾಡಿ, ಆಗದಿದ್ದರೆ ಸಭೆಯ ಹಿರಿಯರ ಸಮಿತಿಗೆ ಬರೆದುಕೊಡಬಹುದು. ಅವರು ಅದೇ ಸಮಿತಿಯಲ್ಲಿದ್ದರೆ ನ್ಯಾಯ ಸಿಗುವುದು ಕಷ್ಟ, ಊರಿನಲ್ಲಿ ನೀವೇ ಜಗಳಗಂಟಿಯೆನಿಸಿಕೊಳ್ಳುವ ಸಂಭವವೂ ಇದೆ. ಹಾಗೆಂದು ಈ ಮಾತುಕತೆಯನ್ನು ವರ್ಷಗಟ್ಟಲೆ ಎಳೆಯಲು ಬಿಡಬೇಡಿ. ದೇವರ ನ್ಯಾಯಕ್ಕೆ ಕಾಲಮಿತಿಯಿಲ್ಲ, ನಮ್ಮ ನ್ಯಾಯಾಲಯಗಳಿಗಿದೆ: 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಪತ್ರವನ್ನು ರದ್ದುಪಡಿಸಲು ದಾವೆ ಹೂಡುವುದಕ್ಕೆ, ಮೋಸ ತಿಳಿದಂದಿನಿಂದ ಸಾಮಾನ್ಯವಾಗಿ ಮೂರು ವರ್ಷ. ನಿಮಗೆ ತಿಳಿದು ಆಗಲೇ ಒಂದು ವರ್ಷ ಕಳೆದಿದೆ, ತಿಳಿದದ್ದು ಯಾವಾಗ ಎಂಬುದನ್ನೇ ಎದುರಿನವರು ವಿವಾದ ಮಾಡಬಹುದು. ನಾನು ವಕೀಲನಲ್ಲ, ಆದರೂ ಪತ್ರದ ದೃಢೀಕೃತ ನಕಲನ್ನು ತೆಗೆಸಿಕೊಂಡು ವಕೀಲರನ್ನು ಕಾಣುವಾಗ, ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲೊಂದು, ಮಕ್ಕಳಿಗೆ ಉಳಿದದ್ದು ಎಂದಿರುವಾಗ, ನಿಮ್ಮ ಸಹಿಯೇ ಇಲ್ಲದ ಪತ್ರದಿಂದ ನಿಮ್ಮ ಪಾಲು ಹೇಗೆ ಹೋಯಿತೆಂದು ತಪ್ಪದೆ ಕೇಳಿ. ಖರ್ಚಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ದಾವೆ ವರ್ಷಗಳವರೆಗೆ ಎಳೆಯಬಹುದು, ಗೆಲ್ಲುತ್ತೀರೆಂಬ ಭರವಸೆಯನ್ನು ನಾನು ಕೊಡಲಾರೆ, ಮದುವೆ ಮುಂಜಿಗಳಲ್ಲಿ ಮುಖ ತಿರುಗಿಸಿಕೊಳ್ಳುವವರಿರುತ್ತಾರೆ. ಇದೆಲ್ಲವನ್ನೂ ಬೇಡವೆಂದು ತಾಯಿಯವರು ಬಿಟ್ಟುಕೊಡುವುದಾದರೆ ಅದೂ ಅವರ ಹಕ್ಕೇ, ಆದರೆ ಅದು ತಿಳಿದು ಬಿಟ್ಟದ್ದಾಗಿರಲಿ, ಹೆದರಿ ಬಿಟ್ಟದ್ದಾಗದಿರಲಿ.

ದೊಡ್ಡಪ್ಪನವರು ಹಾಳಾಗಲಿ ಎಂಬ ನಿಮ್ಮ ಬಯಕೆಯ ಬಗ್ಗೆ ಹೇಳುವುದಾದರೆ, ಕೀರ್ತನೆಗಳಲ್ಲಿ ಅದಕ್ಕಿಂತ ಖಾರವಾದ ಪ್ರಾರ್ಥನೆಗಳಿವೆ, 109ನೆಯದನ್ನು ನೋಡಿ. ದೇವರ ಮುಂದೆ ಹೇಳಿಬಿಡುವುದು ಒಳ್ಳೆಯದು. ಊರಿನಲ್ಲಿ ಹೇಳಿಕೊಂಡು ತಿರುಗಿದರೆ ಅದು ನಿಮ್ಮನ್ನೇ ತಿನ್ನಲು ತೊಡಗುತ್ತದೆ. ಆಸಾಫನು ದೇವರ ಪವಿತ್ರಾಲಯಕ್ಕೆ ಹೋಗಿ ಹೊರಬರುವ ವೇಳೆಗೆ ಆ ಸಿರಿವಂತರ ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಅವನಿಗೆ ಕಂಡದ್ದು ಇಷ್ಟೇ: ಜಾರುವ ನೆಲದ ಮೇಲೆ ನಿಂತಿರುವವನು ತಾನೆಂದು ತಿಳಿದಿದ್ದನು, ನಿಜಕ್ಕೂ ಅಲ್ಲಿ ನಿಂತಿದ್ದವರು ಅವರು. ಸಿರಿಗರ ಬಡಿದವರಿಗೆ ಆ ನೆಲ ಕಾಣದು. ಅದನ್ನು ಕಂಡವರಿಗೆ ಹೊಟ್ಟೆಕಿಚ್ಚಿನ ಜಾಗದಲ್ಲಿ ಒಂದು ಬಗೆಯ ಭಯ, ಕೆಲವೊಮ್ಮೆ ಕನಿಕರವೂ ಹುಟ್ಟುವುದನ್ನು ನಾನು ನೋಡಿದ್ದೇನೆ; ಅದು ನಿಮ್ಮಲ್ಲಿ ಈಗಲೇ ಹುಟ್ಟಬೇಕೆಂದು ಒತ್ತಾಯವೇನಿಲ್ಲ.

ಕೊನೆಗೆ ಪ್ರಭುಭೋಜನ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯನ 5ನೇ ಅಧ್ಯಾಯದ ಮಾತು ನಿಮ್ಮ ತಾಯಿಯವರನ್ನು ತಡೆಯುತ್ತಿರಬಹುದು. ಆ ವಚನವನ್ನು ಇನ್ನೊಮ್ಮೆ ಓದಿ ಹೇಳಿ: ನಿನ್ನ ಮೇಲೆ ನಿನ್ನ ಸಹೋದರನಿಗೆ ದೂರು ಇರುವುದಾದರೆ ಎಂದು ಅದು ಆರಂಭವಾಗುತ್ತದೆ. ಇಲ್ಲಿ ದೂರು ಇರುವುದು ತಾಯಿಯವರಿಗೆ, ಕಾಣಿಕೆ ಹಿಡಿದು ನಿಂತಿರುವುದು ಬೇರೆಯವರು. ಮುಂದಿನ ಭಾನುವಾರ ನೀವೇ ತಾಯಿಯವರ ಕೈ ಹಿಡಿದುಕೊಂಡು, ಆ ಮುಖಮಂಟಪದ ಕೆಳಗಿನಿಂದಲೇ ಹಾದು ಒಳಗೆ ಕರೆದುಕೊಂಡು ಹೋಗಿ.